ಅರಸೀಕೆರೆಯ ತಾರಸಿಯಿಂದ ಹಾರನಹಳ್ಳಿಯ ತಾರಸಿಗೆ: ವೈರ್‌ಲೆಸ್ ಲಿಂಕ್ ಹಾಕುವುದು ಹೇಗೆ?

ಹಾರನಹಳ್ಳಿಯಲ್ಲಿ ನನ್ನ ಅಕ್ಕನ ಮನೆಯಿದೆ. ಸುತ್ತ ತೆಂಗಿನ ತೋಟ. ಫೋನ್ ಹಿಡಿದು ತಾರಸಿ ಹತ್ತಿದರೆ ಮಾತ್ರ ಸಿಗ್ನಲ್. ಅಕ್ಕನ ಮಗಳು ಪಿಯುಸಿಗೆ ಸೇರಿದಾಗ, ಅರಸೀಕೆರೆಯ ನನ್ನ ಮನೆಗೆ ಬರುವ ಫೈಬರ್ ಇಂಟರ್ನೆಟ್ಟನ್ನು ಎರಡು ಡಿಶ್ ಆಂಟೆನಾಗಳ ಮೂಲಕ ಅವಳ ಮನೆಗೆ ತಲುಪಿಸಬಹುದೆಂದು ನನಗೆ ತೋಚಿತು. ಸಂಪರ್ಕ ಕೊಟ್ಟವರನ್ನು ಕೇಳಿ ಒಪ್ಪಿಗೆ ಪಡೆದು, ಮಾರ್ಚ್ ತಿಂಗಳ ಬಿಸಿಲಿನಲ್ಲಿ ಎರಡೂ ಕಡೆ ಡಿಶ್ ನಿಲ್ಲಿಸಿದೆ. ಸಂಪರ್ಕ ಬಂತು. ಮನೆಯವರೆಲ್ಲ ದುಆ ಮಾಡಿದರು.

ಮಳೆಗಾಲ ಬಂತು. ಸಿಇಟಿ ಮುಗಿದು, ಕಾಲೇಜುಗಳ ಆಯ್ಕೆಪಟ್ಟಿಯನ್ನು ಆನ್‌ಲೈನಿನಲ್ಲಿ ತುಂಬುವ ಸಮಯ. ಕೊನೆಯ ದಿನದ ಹಿಂದಿನ ಸಂಜೆ, ಪಟ್ಟಿ ಅರ್ಧ ತುಂಬಿದ್ದಾಗ ಲಿಂಕ್ ನಿಂತುಹೋಯಿತು. ರಾತ್ರಿಯಿಡೀ ಬರಲಿಲ್ಲ. ಬೆಳಿಗ್ಗೆ ಮೊದಲ ಬಸ್ಸಿಗೆ ಅರಸೀಕೆರೆಗೆ ಬಂದು ನಮ್ಮ ಮನೆಯಲ್ಲಿ ಕೂತು ಅವಳು ಪಟ್ಟಿ ಮುಗಿಸಿದಳು. ದೇವರ ದಯೆಯಿಂದ ಹೊತ್ತು ಮೀರಿರಲಿಲ್ಲ. ಹೊರಡುವಾಗ ಅವಳು ಹೇಳಿದ್ದು ಒಂದೇ ಮಾತು: "ಮಾಮು, ಇಲ್ಲದಿದ್ದರೆ ಇಲ್ಲ ಅಂತ ಮೊದಲೇ ಬಸ್ಸು ಹತ್ತುತ್ತಿದ್ದೆ. ಇದೆ ಅಂತ ನಂಬಿ ಕೂತೆ."

ಅವಳ ಮಾತು ಸರಿಯಾಗಿತ್ತು. ನಂಬಿಸಿ ಕೈಕೊಡುವ ಸಂಪರ್ಕಕ್ಕಿಂತ ಸಂಪರ್ಕ ಇಲ್ಲದಿರುವುದೇ ಮೇಲು. ಆಮೇಲೆ ಕೂತು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಓದುಗರಲ್ಲಿ ಅನೇಕರಿಗೆ ಪೇಟೆಯಲ್ಲೊಂದು ಅಂಗಡಿ, ಹಳ್ಳಿಯಲ್ಲೊಂದು ಮನೆ ಇದೆ. ಮದರಸ ಒಂದು ಕಡೆ, ಅದರ ಹಾಸ್ಟೆಲ್ ಇನ್ನೊಂದು ಕಡೆ ಇರುವುದೂ ಉಂಟು. ಅವರಿಗೆಲ್ಲ ಇದು ಉಪಯೋಗಕ್ಕೆ ಬರಬಹುದು.

ಬಲವಲ್ಲ, ನೋಟ ಮುಖ್ಯ

ಇಂಥ ಲಿಂಕಿನಲ್ಲಿ ಎರಡು ರೇಡಿಯೋಗಳು ಇರುತ್ತವೆ. ಮನೆಯ ವೈ-ಫೈ ರೂಟರ್ ಬಲ್ಬಿನಂತೆ ಎಲ್ಲ ಕಡೆಗೂ ಹರಡಿದರೆ, ಇವು ಟಾರ್ಚಿನಂತೆ ಒಂದೇ ಕಡೆಗೆ ಬೀರುತ್ತವೆ. ನಮ್ಮಲ್ಲಿ ಹೆಚ್ಚಾಗಿ ಬಳಸುವುದು 5 ಗಿಗಾಹರ್ಟ್ಸ್ ತರಂಗಗಳನ್ನು. 2018ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಈ ಪಟ್ಟಿಯ 605 ಮೆಗಾಹರ್ಟ್ಸ್‌ನಷ್ಟು ಜಾಗವನ್ನು ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟುಕೊಟ್ಟಿತು. ಆದ್ದರಿಂದ ಪ್ರಮಾಣಿತ ಉಪಕರಣವನ್ನು ನಿಗದಿತ ಬಲದ ಮಿತಿಯೊಳಗೆ ಯಾರು ಬೇಕಾದರೂ ಬಳಸಬಹುದು.

ಅಂಗಡಿಯಲ್ಲಿ ಮೊದಲು ಕೇಳುವ ಪ್ರಶ್ನೆ, "ಇದು ಎಷ್ಟು ದೂರ ಹೊಡೆಯುತ್ತದೆ?" ನಾನೂ ಅದನ್ನೇ ಕೇಳಿದ್ದೆ. ಕೇಳಬೇಕಾದ ಪ್ರಶ್ನೆ ಬೇರೆ: "ಈ ತುದಿಗೆ ಆ ತುದಿ ಕಾಣುತ್ತದೆಯೇ?" 2007ರಲ್ಲಿ ವೆನೆಜುವೆಲಾ ದೇಶದ ಎರ್ಮಾನೊ ಪಿಯೆತ್ರೊಸೆಮೊಲಿ ಎಂಬ ಪ್ರಾಧ್ಯಾಪಕರು ಎರಡು ಬೆಟ್ಟಗಳ ನಡುವೆ 382 ಕಿ.ಮೀ. ದೂರಕ್ಕೆ ವೈ-ಫೈ ಲಿಂಕ್ ಹಾಕಿ ತೋರಿಸಿದರು. ಬೆಟ್ಟಕ್ಕೆ ಬೆಟ್ಟ ಕಾಣುತ್ತಿತ್ತು, ಲಿಂಕ್ ನಿಂತಿತು. ನನಗೆ ಎಂಟು ಕಿ.ಮೀ.ಗೆ ಲಿಂಕ್ ನಿಲ್ಲಲಿಲ್ಲ, ಏಕೆಂದರೆ ನಡುವೆ ತೆಂಗಿನ ಗರಿ ಇತ್ತು.

ಇಲ್ಲಿ 'ಕಾಣುವುದು' ಎಂದರೆ ಕಣ್ಣಿಗೆ ಕಂಡರೆ ಸಾಲದು. ರೇಡಿಯೋ ತರಂಗ ದಾರದಂತೆ ತೆಳ್ಳಗೆ ಹೋಗುವುದಿಲ್ಲ. ನಡುವೆ ಉಬ್ಬಿದ, ಎರಡು ತುದಿಯಲ್ಲಿ ಸಣ್ಣಗಾದ ಸೌತೆಕಾಯಿಯ ಆಕಾರದ ಜಾಗವನ್ನು ಬಳಸಿಕೊಂಡು ಹೋಗುತ್ತದೆ. ಇದನ್ನು ಫ್ರೆನೆಲ್ ವಲಯ ಎನ್ನುತ್ತಾರೆ. ಅರಸೀಕೆರೆ-ಹಾರನಹಳ್ಳಿಯ ಅಂತರವನ್ನು ಲೆಕ್ಕಕ್ಕೆ 8 ಕಿ.ಮೀ. ಎಂದಿಟ್ಟುಕೊಂಡರೆ, 5.8 ಗಿಗಾಹರ್ಟ್ಸ್‌ಗೆ ನಟ್ಟನಡುವೆ ಈ ಸೌತೆಕಾಯಿಯ ಅರ್ಧ ಅಗಲ ಸುಮಾರು 10 ಮೀಟರ್. ಅದರಲ್ಲಿ ನೂರಕ್ಕೆ 60 ಭಾಗವಾದರೂ ತೆರವಿರಬೇಕು. ಅಂದರೆ ದಾರಿಯ ನಡುವೆ ನೋಟದ ಗೆರೆಯಿಂದ 6 ಮೀಟರ್ ಒಳಗೆ ಮರ, ದಿಣ್ಣೆ, ಕಟ್ಟಡ ಯಾವುದೂ ಬರಬಾರದು. ತುದಿಗೆ ಹತ್ತಿರವಾದಂತೆ ಇದು ಕಡಿಮೆಯಾಗುತ್ತದೆ: ಮನೆಯಿಂದ 500 ಮೀಟರ್ ದೂರದಲ್ಲಿ 3 ಮೀಟರ್, 100 ಮೀಟರ್ ದೂರದಲ್ಲಿ ಒಂದೂವರೆ ಮೀಟರ್ ಸಾಕು. ಭೂಮಿಯ ಉಬ್ಬಿಗೆ ಇನ್ನೊಂದು ಮೀಟರ್ ಸೇರಿಸಿಕೊಳ್ಳಿ.

ನನ್ನ ತಪ್ಪು ಇಲ್ಲೇ ಆಗಿತ್ತು. ಅಕ್ಕನ ತಾರಸಿಯಿಂದ ನೋಡಿದರೆ ಗರಿಗಳ ಸಂದಿಯಲ್ಲಿ ಅರಸೀಕೆರೆಯ ಕಡೆ ಬಯಲು ಕಾಣುತ್ತಿತ್ತು. ಬೇಸಿಗೆಯಲ್ಲಿ ಒಣ ಗರಿಗಳನ್ನು ದಾಟಿ ಸಿಗ್ನಲ್ ಹೇಗೋ ಬಂತು. ಮಳೆಗೆ ಗರಿ ನೆನೆಯಿತು. ಎಂಟು ಕಿ.ಮೀ. ಅಂತರದಲ್ಲಿ ಬೀಳುವ ಮಳೆಹನಿ 5 ಗಿಗಾಹರ್ಟ್ಸ್ ತರಂಗವನ್ನು ಹೆಚ್ಚೇನೂ ತಡೆಯುವುದಿಲ್ಲ. ಆದರೆ ನೆನೆದ ಎಲೆ ಅದನ್ನು ನುಂಗುತ್ತದೆ. "ಮಳೆ ಬಂದರೆ ಲಿಂಕ್ ಹೋಗುತ್ತದೆ" ಎಂದು ಯಾರಾದರೂ ಹೇಳಿದರೆ ಮೊದಲು ಆಕಾಶ ನೋಡಬೇಡಿ, ಮರ ನೋಡಿ. ಆಮೇಲೆ ಪ್ಲಗ್ಗಿನೊಳಗೆ ನೀರು ಹೋಗಿದೆಯೇ ನೋಡಿ.

ಪರಿಹಾರ ಮರ ಕಡಿಯುವುದಲ್ಲ. ಫಲ ಕೊಡುವ ತೆಂಗು ಎರಡು ಡಿಶ್‌ಗಳಿಗಿಂತ ಬೆಲೆಬಾಳುತ್ತದೆ. ಪಕ್ಕದ ಮನೆಯವರದು ಸ್ವಲ್ಪ ಎತ್ತರದ ಜಾಗದ ಮಹಡಿ ಮನೆ. ಅವರನ್ನು ಕೇಳಿದೆವು, ಸಂತೋಷದಿಂದ ಒಪ್ಪಿದರು. ಅಲ್ಲಿ 6 ಮೀಟರ್ ಪೈಪು ನಿಲ್ಲಿಸಿ ಮೂರು ಕಡೆಗೆ ತಂತಿ ಬಿಗಿದು ಡಿಶ್ ಏರಿಸಿದೆವು. ಅಲ್ಲಿಂದ ಅಕ್ಕನ ಮನೆಗೆ ಕೇಬಲ್. ಈ ಕೇಬಲ್ 100 ಮೀಟರ್ ಮೀರಬಾರದು ಎಂಬುದು ನೆನಪಿರಲಿ.

ಹಾರನಹಳ್ಳಿಯಂಥ ಊರಿನಲ್ಲಿ ಇನ್ನೊಂದು ಎಚ್ಚರವೂ ಬೇಕು. ಇಲ್ಲಿನ ಚೆನ್ನಕೇಶವ ಮತ್ತು ಸೋಮೇಶ್ವರ ದೇವಾಲಯಗಳು 13ನೇ ಶತಮಾನದ ಹೊಯ್ಸಳರ ಕಾಲದವು, ಸಂರಕ್ಷಿತ ಸ್ಮಾರಕಗಳು. ಕೇಂದ್ರದ ಸಂರಕ್ಷಿತ ಸ್ಮಾರಕಗಳ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ವಲಯ. ಆ ವ್ಯಾಪ್ತಿಯಲ್ಲಿ ಮನೆಯಿದ್ದರೆ ಕಂಬ ನಿಲ್ಲಿಸುವ ಮೊದಲು ಪುರಾತತ್ವ ಇಲಾಖೆಯವರನ್ನು ಕೇಳಿಕೊಳ್ಳುವುದು ಒಳ್ಳೆಯದು.

ಲೆಕ್ಕ ಮೊದಲು, ಏಣಿ ಆಮೇಲೆ

ಡಿಶ್ ನಿಲ್ಲಿಸುವ ಮೊದಲೇ ಆ ತುದಿಯಲ್ಲಿ ಎಷ್ಟು ಸಿಗ್ನಲ್ ಬರಬೇಕು ಎಂಬುದನ್ನು ಕಾಗದದ ಮೇಲೆ ಲೆಕ್ಕ ಹಾಕಬಹುದು. ಸಿಗ್ನಲ್ಲನ್ನು ಡಿಬಿಎಂ ಎಂಬ ಅಳತೆಯಲ್ಲಿ ಹೇಳುತ್ತಾರೆ. 10 ಅಂಕ ಇಳಿದರೆ ಬಲ ಹತ್ತರಲ್ಲಿ ಒಂದಾಯಿತು ಎಂದರ್ಥ, 3 ಇಳಿದರೆ ಅರ್ಧ. ಬರುವ ಸಿಗ್ನಲ್ ಯಾವಾಗಲೂ ಮೈನಸ್ ಅಂಕಿಯಲ್ಲಿರುತ್ತದೆ. ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು.

ನಮ್ಮ ಉದಾಹರಣೆಯಲ್ಲಿ ಈ ತುದಿಯ ಡಿಶ್‌ನಿಂದ ಹೊರಡುವ ಬಲ 36 ಎಂದಿಟ್ಟುಕೊಳ್ಳೋಣ. ಎಂಟು ಕಿ.ಮೀ. ಬಯಲು ದಾಟುವಾಗ 126 ಕಳೆದುಹೋಗುತ್ತದೆ. ಆ ತುದಿಯ ಡಿಶ್ ತನ್ನ ಅಗಲದಿಂದ 25 ಸೇರಿಸಿಕೊಡುತ್ತದೆ. ಒಟ್ಟು: 36ರಲ್ಲಿ 126 ಕಳೆದು 25 ಕೂಡಿಸಿದರೆ ಮೈನಸ್ 65. ಇದು ಒಳ್ಳೆಯ ಸಿಗ್ನಲ್.

ನಾನು ಮೊದಲ ಸಲ ಈ ಲೆಕ್ಕ ಹಾಕಿರಲಿಲ್ಲ. ಪರದೆಯಲ್ಲಿ ಮೈನಸ್ 82 ಕಂಡು 'ಬಂತು' ಎಂದು ಏಣಿ ಇಳಿದಿದ್ದೆ. ಬರಬೇಕಾದದ್ದಕ್ಕಿಂತ 17 ಕಡಿಮೆ, ಅಂದರೆ ಐವತ್ತರಲ್ಲಿ ಒಂದು ಪಾಲು! ಲೆಕ್ಕ ಗೊತ್ತಿದ್ದರೆ ಮಾರ್ಚಿನಲ್ಲೇ ಏನೋ ತಪ್ಪಿದೆ ಎಂದು ತಿಳಿಯುತ್ತಿತ್ತು. ಲೆಕ್ಕಕ್ಕೂ ಅಳತೆಗೂ ಮೂರ್ನಾಲ್ಕು ಅಂಕದ ವ್ಯತ್ಯಾಸ ಇದ್ದೇ ಇರುತ್ತದೆ. ಅದಕ್ಕಿಂತ ಹೆಚ್ಚಾದರೆ ಕಾರಣ ಹುಡುಕದೆ ಕೆಳಗೆ ಇಳಿಯಬಾರದು.

ಡಿಶ್ ಗುರಿ ಹಿಡಿಯುವ ಬಗೆ

ಮೊದಲು ಎರಡೂ ರೇಡಿಯೋಗಳನ್ನು ಮನೆಯ ಮೇಜಿನ ಮೇಲಿಟ್ಟು, ಬಲವನ್ನು ಅತಿ ಕಡಿಮೆಗೆ ಇಳಿಸಿ, ಒಂದಕ್ಕೊಂದು ಸೇರುವಂತೆ ಹೊಂದಿಸಿ. ಹೆಸರು, ಪಾಸ್‌ವರ್ಡ್, ಚಾನೆಲ್ ಎಲ್ಲ ಇಲ್ಲೇ ಮುಗಿಯಲಿ. ದೇಶದ ಆಯ್ಕೆಯಲ್ಲಿ 'ಇಂಡಿಯಾ' ಎಂದೇ ಕೊಡಿ. ನಮ್ಮ ನಿಯಮದ ಮಿತಿಗಳು ಉಪಕರಣಕ್ಕೆ ತಾನಾಗಿ ಅನ್ವಯವಾಗುತ್ತವೆ. ಬಿಸಿಲಿನಲ್ಲಿ, ಪೈಪು ಹಿಡಿದುಕೊಂಡು ಪಾಸ್‌ವರ್ಡ್ ಹುಡುಕುವ ಕಷ್ಟ ಬೇಡ.

ಡಿಶ್ ಏರಿಸಿದ ಮೇಲೆ ಎರಡು ತುದಿಯಲ್ಲೂ ಒಬ್ಬೊಬ್ಬರಿರಬೇಕು. ರಾತ್ರಿ ಇಶಾ ನಮಾಝ್ ಮುಗಿದ ಮೇಲೆ ಆ ತುದಿಯಲ್ಲಿ ಬಲವಾದ ಟಾರ್ಚ್ ಬಿಟ್ಟು ಆರಿಸಿ ಮಾಡಿದರೆ ದಿಕ್ಕು ಗೊತ್ತಾಗುತ್ತದೆ. ಹಗಲಲ್ಲಿ ಕನ್ನಡಿಯ ಬೆಳಕು. ಆಮೇಲೆ ಒಬ್ಬರು ಮಾತ್ರ ಡಿಶ್ ಅಲ್ಲಾಡಿಸಬೇಕು, ಇನ್ನೊಬ್ಬರು ಕೈ ಕಟ್ಟಿ ಅಂಕಿ ಓದಬೇಕು. ಇಬ್ಬರೂ ಒಟ್ಟಿಗೆ ತಿರುಗಿಸಿದರೆ ಸಂಜೆಯವರೆಗೂ ಸಿಗುವುದಿಲ್ಲ. ಎಡಬಲ ಪೂರ್ತಿ ನೋಡಿ ಅತಿ ಹೆಚ್ಚು ಬಂದಲ್ಲಿ ಬಿಗಿದು, ಆಮೇಲೆ ಮೇಲೆ ಕೆಳಗೆ. ನಂತರ ಸರದಿ ಆ ತುದಿಯವರದು. ಎಂಟು ಕಿ.ಮೀ. ದೂರದಲ್ಲಿ ಒಂದು ಡಿಗ್ರಿ ತಪ್ಪಿದರೆ 140 ಮೀಟರ್ ಪಕ್ಕಕ್ಕೆ ಹೋದಂತೆ.

ಇಲ್ಲಿ ಒಂದು ಮೋಸವಿದೆ. ಡಿಶ್‌ಗೆ ಮುಖ್ಯ ಕಿರಣದ ಅಕ್ಕಪಕ್ಕ ಸಣ್ಣ ಸಣ್ಣ ಕಿರಣಗಳೂ ಇರುತ್ತವೆ. ಅವುಗಳಲ್ಲಿ ಒಂದು ಸಿಕ್ಕರೂ ಸಿಗ್ನಲ್ ಏರಿ ಇಳಿದಂತೆ ಕಂಡು ಗುರಿ ಸಿಕ್ಕಿತೆಂಬ ಭ್ರಮೆಯಾಗುತ್ತದೆ. ಒಂದು ಏರು ಸಿಕ್ಕಿದರೆ ನಿಲ್ಲಿಸದೆ, ಅದನ್ನು ದಾಟಿ ಎರಡೂ ಕಡೆ ನೋಡಬೇಕು. ಎರಡಕ್ಕಿಂತ ದೊಡ್ಡ ಏರು ನಡುವೆ ಇದ್ದರೆ ಅದೇ ನಿಜವಾದ ಗುರಿ. ಲೆಕ್ಕದ ಅಂಕಿ ಇಲ್ಲಿಯೂ ಸಾಕ್ಷಿ.

ಗುರಿಯ ಈ ನಿಖರತೆಯನ್ನು ನಮ್ಮ ಜಿಲ್ಲೆಯವರಿಗೆ ಹೊಸದಾಗಿ ಹೇಳಬೇಕಿಲ್ಲ. ಹಾಸನದಲ್ಲಿ 1982ರಿಂದ ಇರುವ ಇಸ್ರೋದ ಪ್ರಧಾನ ನಿಯಂತ್ರಣ ಕೇಂದ್ರದ ದೊಡ್ಡ ಡಿಶ್‌ಗಳು 36,000 ಕಿ.ಮೀ. ಎತ್ತರದ ಉಪಗ್ರಹಗಳ ಕಡೆ ಮುಖ ಮಾಡಿ ನಿಂತಿವೆ. ನಮ್ಮದು ಅದೇ ವಿದ್ಯೆಯ ಬಡ ನೆಂಟ.

ಒಬ್ಬರ ಮಾತು ಮುಗಿದ ಮೇಲೆ ಇನ್ನೊಬ್ಬರು

ಗುರಿ ಸರಿಯಾದರೂ ಲಿಂಕ್ ಕುಂಟಬಹುದು. ಕಾರಣ, ಸಮಯ.

ಎರಡು ರೇಡಿಯೋಗಳೂ ಒಂದೇ ಚಾನೆಲ್ಲಿನಲ್ಲಿ ಮಾತಾಡುತ್ತವೆ, ಹಾಗಾಗಿ ಒಬ್ಬರು ಮಾತಾಡುವಾಗ ಇನ್ನೊಬ್ಬರು ಕೇಳಬೇಕು. ಸಾಮಾನ್ಯ ವೈ-ಫೈಯಲ್ಲಿ ಒಂದು ಕಂತು ಕಳಿಸಿದವನು 'ತಲುಪಿತು' ಎಂಬ ಮರುಮಾತಿಗೆ ಕ್ಷಣಕಾಲ ಕಾಯುತ್ತಾನೆ. ಬರದಿದ್ದರೆ ಕಂತು ಕಳೆಯಿತೆಂದು ಮತ್ತೆ ಕಳಿಸುತ್ತಾನೆ. ಈ ಕಾಯುವ ಹೊತ್ತನ್ನು ಒಂದು ಮನೆಯ ಅಳತೆಗೆ ಹೊಂದಿಸಿರುತ್ತಾರೆ. ಬೆಳಕಿನ ವೇಗದ ತರಂಗಕ್ಕೂ ಎಂಟು ಕಿ.ಮೀ. ಹೋಗಲು 27 ಮೈಕ್ರೊಸೆಕೆಂಡ್ ಬೇಕು, ಹೋಗಿಬರಲು 53. (ಒಂದು ಸೆಕೆಂಡನ್ನು ಹತ್ತು ಲಕ್ಷ ಭಾಗ ಮಾಡಿದರೆ ಒಂದು ಭಾಗ ಮೈಕ್ರೊಸೆಕೆಂಡ್.) ಮರುಮಾತು ಬರುವಷ್ಟರಲ್ಲಿ ಕಳಿಸಿದವನ ತಾಳ್ಮೆ ಮುಗಿದಿರುತ್ತದೆ. ಅದೇ ಕಂತು ಮತ್ತೆ ಮತ್ತೆ ಹೋಗುತ್ತದೆ. ಸಿಗ್ನಲ್ ಚೆನ್ನಾಗಿದ್ದೂ ವೇಗ ಇಲ್ಲದಿರುವುದಕ್ಕೆ ಇದು ಸಾಮಾನ್ಯ ಕಾರಣ. ಆದ್ದರಿಂದ ಉಪಕರಣದಲ್ಲಿ 'ದೂರ' ಎಂಬ ಜಾಗದಲ್ಲಿ ನಿಜವಾದ ದೂರಕ್ಕಿಂತ ತುಸು ಹೆಚ್ಚು ಹಾಕಬೇಕು.

ಇದಕ್ಕಿಂತ ಉತ್ತಮ ಪದ್ಧತಿ ಸರದಿ. ಹೊರಾಂಗಣ ಲಿಂಕಿಗೆಂದೇ ಮಾಡಿದ ಹೆಚ್ಚಿನ ಉಪಕರಣಗಳಲ್ಲಿ ಇದಿದೆ. ಒಂದು ತುದಿಯನ್ನು ಮಾಸ್ಟರ್ ಎಂದು ನೇಮಿಸುತ್ತೇವೆ. ಅದು ಕಾಲವನ್ನು ಸಣ್ಣ ಚೌಕಟ್ಟುಗಳಾಗಿ ಕತ್ತರಿಸುತ್ತದೆ, ಉದಾಹರಣೆಗೆ 5 ಮಿಲಿಸೆಕೆಂಡಿಗೆ ಒಂದು, ಅಂದರೆ ಸೆಕೆಂಡಿಗೆ 200. ಪ್ರತಿ ಚೌಕಟ್ಟಿನಲ್ಲಿ ಮೊದಲ ಪಾಲು ಮಾಸ್ಟರ್‌ನದು, ಉಳಿದದ್ದು ಆ ತುದಿಯದು. ಮನೆಯವರು ಹೆಚ್ಚಾಗಿ ನೋಡುವುದು, ಓದುವುದು ಆದರೆ ಮುಕ್ಕಾಲು ಪಾಲು ಹಳ್ಳಿಯ ಕಡೆಗೆ ಕೊಡಬಹುದು. ವಿಡಿಯೊ ಕರೆ ಹೆಚ್ಚಿದ್ದರೆ ಸಮಪಾಲು. ಎರಡು ಪಾಲುಗಳ ನಡುವೆ, ಹೊರಟ ತರಂಗ ತಲುಪುವಷ್ಟು ಹೊತ್ತು ಇಬ್ಬರೂ ಸುಮ್ಮನಿರುತ್ತಾರೆ.

ಎರಡನೇ ಲಿಂಕ್ ಹಾಕಿದಾಗ

ಹಾರನಹಳ್ಳಿಯ ಲಿಂಕ್ ಸರಿಹೋದದ್ದು ಕಂಡು ಬಾಣಾವರದ ಬಂಧುವೊಬ್ಬರು ತಮ್ಮ ಮನೆಗೂ ಬೇಕೆಂದರು. ಅರಸೀಕೆರೆಯ ಅದೇ ತಾರಸಿಯ ಮೇಲೆ, ಬೇರೆ ದಿಕ್ಕಿಗೆ ಇನ್ನೊಂದು ಡಿಶ್ ಹಾಕಿದೆ. ಚಾನೆಲ್ ಬೇರೆಯೇ ಕೊಟ್ಟಿದ್ದೆ. ಆದರೂ ಎರಡೂ ಲಿಂಕ್‌ಗಳು ತೊದಲಲು ಶುರುವಾದವು.

ಕಾರಣ ಹೀಗೆ. ಹಾರನಹಳ್ಳಿಯಿಂದ ಬರುವ ದನಿ ಮೈನಸ್ 65. ಅದನ್ನು ಕೇಳುತ್ತಿರುವಾಗಲೇ ಪಕ್ಕದ ಡಿಶ್ ಬಾಣಾವರಕ್ಕೆ ಕೂಗಲು ಶುರುಮಾಡಿದರೆ, ಅದರ ಹಿಂಬದಿಯಿಂದ ಸೋರುವುದೇ ಮೈನಸ್ 35 ಇದ್ದೀತು. ಇದು ಸಾವಿರ ಪಟ್ಟು ಜೋರು. ಚಾನೆಲ್ ಬೇರೆಯಾದರೂ ಇಷ್ಟು ಹತ್ತಿರದ ಕೂಗಿಗೆ ಕಿವಿ ಮುಚ್ಚಿಕೊಳ್ಳಲು ಸಾಮಾನ್ಯ ರೇಡಿಯೋಗೆ ಆಗುವುದಿಲ್ಲ. ಮಸೀದಿಯ ಮೈಕಿನ ಕೆಳಗೆ ನಿಂತವನಿಗೆ ದೂರದ ಮಸೀದಿಯ ಅಝಾನ್ ಕೇಳಿಸದ ಹಾಗೆ.

ಇದಕ್ಕೆ ದಾರಿ: ಒಂದೇ ತಾರಸಿಯ ಎರಡೂ ರೇಡಿಯೋಗಳು ಒಟ್ಟಿಗೇ ಮಾತಾಡಲಿ, ಒಟ್ಟಿಗೇ ಕೇಳಲಿ. ಮಾತಾಡುವಾಗ ಪಕ್ಕದವನ ಕೂಗಿನಿಂದ ತೊಂದರೆಯಿಲ್ಲ, ಆಗ ನಾವು ಕೇಳುತ್ತಲೇ ಇಲ್ಲ. ಕೇಳುವಾಗ ಪಕ್ಕದವನೂ ಸುಮ್ಮನಿದ್ದಾನೆ. ಹಳ್ಳಿಗಳಿಗೆ ಅಗ್ಗದ ವೈ-ಫೈ ಒಯ್ಯಲು ಹೊರಟ ಐಐಟಿ ಕಾನ್ಪುರದ ಭಾಸ್ಕರನ್ ರಾಮನ್ ಮತ್ತು ಕಾಮೇಶ್ವರಿ ಚೆಬ್ರೋಲು ಈ ಉಪಾಯವನ್ನು ಗಂಗಾ ಬಯಲಿನ ದೂರದ ಲಿಂಕ್‌ಗಳಿಗಾಗಿ ರೂಪಿಸಿ 2005ರಲ್ಲಿ ಪ್ರಕಟಿಸಿದರು. ತಮಿಳುನಾಡಿನ ತೇನಿಯಲ್ಲಿ ಅರವಿಂದ್ ಕಣ್ಣಿನ ಆಸ್ಪತ್ರೆ ಇಂಥ ದೂರದ ವೈ-ಫೈ ಲಿಂಕ್‌ಗಳ ಮೂಲಕವೇ ಹಳ್ಳಿಯ ಕೇಂದ್ರಗಳ ರೋಗಿಗಳನ್ನು ವೈದ್ಯರಿಗೆ ವಿಡಿಯೊದಲ್ಲಿ ತೋರಿಸಿತು. ಅಲ್ಲೂ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ತಂಡ ಸಾಮಾನ್ಯ ವೈ-ಫೈ ಪದ್ಧತಿ ಬಿಟ್ಟು ಸರದಿಯ ಪದ್ಧತಿ ತಂದ ಮೇಲೆಯೇ ವೇಗ ನಿಂತಿತು.

ಆದರೆ ಎರಡು ರೇಡಿಯೋಗಳು ಮೈಕ್ರೊಸೆಕೆಂಡ್ ಲೆಕ್ಕದಲ್ಲಿ ಒಟ್ಟಿಗೆ ಇರುವುದು ಹೇಗೆ? ಜಮಾಅತಿನಲ್ಲಿ ಪ್ರತಿಯೊಬ್ಬರೂ ತಮ್ಮ ಕೈಗಡಿಯಾರ ನೋಡಿ ರುಕೂ ಮಾಡಿದರೆ ಸಾಲು ಚದುರಿಹೋಗುತ್ತದೆ. ಎಲ್ಲರೂ ಇಮಾಮರ ಒಂದು ತಕ್ಬೀರಿಗೆ ಕಾಯುತ್ತಾರೆ. ಇಲ್ಲಿ ಆ ಒಂದು ಕರೆ ಜಿಪಿಎಸ್ ಉಪಗ್ರಹಗಳಿಂದ ಬರುತ್ತದೆ. ದಾರಿ ತೋರಿಸುವ ಈ ಉಪಗ್ರಹಗಳಲ್ಲಿ ಪರಮಾಣು ಗಡಿಯಾರಗಳಿವೆ. ಅವುಗಳಿಂದ ಸಮಯ ಪಡೆಯುವ ಸಣ್ಣ ಉಪಕರಣ ಪ್ರತಿ ಸೆಕೆಂಡಿನ ಆರಂಭಕ್ಕೆ ಒಂದು ಮಿಡಿತ ಕೊಡುತ್ತದೆ, ತಪ್ಪಿದರೂ ಒಂದು ಮೈಕ್ರೊಸೆಕೆಂಡಿಗಿಂತ ಕಡಿಮೆ. ಎರಡೂ ರೇಡಿಯೋಗಳು ಆ ಮಿಡಿತಕ್ಕೆ ತಮ್ಮ ಚೌಕಟ್ಟನ್ನು ಹೊಂದಿಸಿಕೊಳ್ಳುತ್ತವೆ. ಭಾರತದ್ದೇ ಆದ ನಾವಿಕ್ ವ್ಯವಸ್ಥೆಯ ಕಾಲವನ್ನು ಕಾಯುವ ಇಸ್ರೋ ಕೇಂದ್ರ ಬೆಂಗಳೂರಿನ ಬಳಿಯ ಬ್ಯಾಲಾಳುವಿನಲ್ಲಿದೆ.

ರೇಡಿಯೋದೊಳಗಿನ ಗಡಿಯಾರವನ್ನೇ ನಂಬಿದರೆ ಆಗದೇ? ಹತ್ತು ಲಕ್ಷದಲ್ಲಿ ಒಂದು ಭಾಗ ಮಾತ್ರ ತಪ್ಪುವ ಒಳ್ಳೆಯ ಗಡಿಯಾರವೂ ಸೆಕೆಂಡಿಗೆ ಒಂದು ಮೈಕ್ರೊಸೆಕೆಂಡ್ ಸರಿಯುತ್ತದೆ. ಒಂದು ನಿಮಿಷಕ್ಕೆ 60. ಆಗಲೇ ಅದು ಹಾರನಹಳ್ಳಿಗೆ ಹೋಗಿಬರುವ ಹೊತ್ತನ್ನು ಮೀರಿತು!

ಹೊಂದಾಣಿಕೆ ಕೂಡಬೇಕಾದರೆ ನಾಲ್ಕು ವಿಷಯ ಸರಿಯಿರಬೇಕು. ಒಂದು, ಜಿಪಿಎಸ್ ಹೊಂದಾಣಿಕೆ ಇರುವ, ಒಂದೇ ಬಗೆಯ ಉಪಕರಣಗಳು. ಎರಡು, ಒಂದೇ ತಾರಸಿಯ ರೇಡಿಯೋಗಳೆರಡೂ ಮಾಸ್ಟರ್ ಆಗಿರಬೇಕು. ನಾನು ಒಂದು ಲಿಂಕಿನ ಮಾಸ್ಟರನ್ನು ಬಾಣಾವರದಲ್ಲಿಟ್ಟು ಒಂದು ವಾರ ತಲೆ ಕೆಡಿಸಿಕೊಂಡಿದ್ದೆ. ಮೂರು, ಚೌಕಟ್ಟಿನ ಉದ್ದ ಮತ್ತು ಪಾಲು ಎರಡರಲ್ಲೂ ಒಂದೇ. ಇಲ್ಲಿಗೆ ಮುಕ್ಕಾಲು, ಅಲ್ಲಿಗೆ ಅರ್ಧ ಎಂದರೆ ಉಳಿದ ಕಾಲುಭಾಗದಲ್ಲಿ ಮತ್ತೆ ಜಗಳ. ನಾಲ್ಕು, ದೂರದ ಅಳತೆ ಎರಡಕ್ಕೂ ಹೆಚ್ಚು ದೂರದ ಲಿಂಕಿನದೇ ಇರಲಿ. ಜಿಪಿಎಸ್ ಉಪಕರಣಕ್ಕೆ ಆಕಾಶ ತೆರೆದು ಕಾಣಬೇಕು, ಶೀಟಿನ ಕೆಳಗಿಟ್ಟರೆ ಪ್ರಯೋಜನವಿಲ್ಲ.

ಒಂದೇ ಲಿಂಕ್ ಹಾಕುವವರಿಗೆ ಈ ಜಿಪಿಎಸ್ ಖರ್ಚು ಬೇಡ. ಎರಡನೆಯದು ಹಾಕುವ ದಿನ ಮರೆಯಬೇಡಿ, ಅಷ್ಟೆ.

ಸಿಡಿಲು, ಕರೆಂಟು, ಕಾನೂನು

ಮುಂಗಾರಿಗೆ ಮುಂಚಿನ ಗುಡುಗು ನಮ್ಮ ಕಡೆ ಜೋರು. ಎತ್ತರದ ಕಬ್ಬಿಣದ ಪೈಪಿಗೆ ಅರ್ಥಿಂಗ್ ಮಾಡಿಸಿ, ಕೇಬಲ್ಲಿಗೆ ಎರಡು ತುದಿಯಲ್ಲೂ ಸಿಡಿಲುರಕ್ಷಕ ಹಾಕಿಸಿ. ವಿದ್ಯುತ್ ತಂತಿಯ ಹತ್ತಿರ ಪೈಪು ಎತ್ತಲೇಬೇಡಿ. ಕಂಬ ಉರುಳಿದರೂ ತಂತಿಗೆ ತಾಗದಷ್ಟು ದೂರವಿರಬೇಕು. ಇಂಥ ರೇಡಿಯೋ ಸಾಮಾನ್ಯವಾಗಿ 10 ವಾಟ್‌ಗಿಂತ ಕಡಿಮೆ ಕರೆಂಟು ತಿನ್ನುತ್ತದೆ. 12 ವೋಲ್ಟಿನ 7 ಆಂಪಿಯರ್-ಅವರ್ ಬ್ಯಾಟರಿಯೊಂದು ಹಲವು ಗಂಟೆ ನಡೆಸುತ್ತದೆ. ಆದರೆ ಎರಡೂ ತುದಿಯಲ್ಲಿ ಇರಬೇಕು. ಹಳ್ಳಿಯಲ್ಲಿ ಬ್ಯಾಟರಿಯಿಟ್ಟು ಪೇಟೆಯಲ್ಲಿ ಕರೆಂಟು ಹೋದರೆ ಲಿಂಕೂ ಹೋಯಿತು.

ತರಂಗಕ್ಕೆ ಲೈಸೆನ್ಸ್ ಬೇಡ ಎಂದಮಾತ್ರಕ್ಕೆ ಇಂಟರ್ನೆಟ್ ಮಾರಬಹುದು ಎಂದಲ್ಲ. ನಿಮ್ಮ ಸಂಪರ್ಕವನ್ನು ಇನ್ನೊಂದು ಮನೆಗೆ ಒಯ್ಯಲು ಅದನ್ನು ಕೊಟ್ಟವರ ಷರತ್ತು ಒಪ್ಪಬೇಕು. ಊರಿನವರಿಗೆ ದುಡ್ಡಿಗೆ ಹಂಚುವ ಆಲೋಚನೆಯಿದ್ದರೆ 2020ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಾಣಿ ಯೋಜನೆಯಿದೆ. ಅದರಡಿ ಸಣ್ಣ ಅಂಗಡಿಯವರೂ ಲೈಸೆನ್ಸ್ ಇಲ್ಲದೆ ಸಾರ್ವಜನಿಕ ವೈ-ಫೈ ಕೇಂದ್ರ ನಡೆಸಬಹುದು.

ಇನ್ನು ಬಲದ ವಿಷಯ. ಸಿಗ್ನಲ್ ಬರದಿದ್ದಾಗ ದೇಶದ ಆಯ್ಕೆ ಬದಲಿಸಿ ಬಲ ಏರಿಸಿಕೊಳ್ಳಿ ಎಂದು ಸಲಹೆ ಕೊಡುವವರಿದ್ದಾರೆ. ಅದು ಕಾನೂನಿಗೆ ವಿರುದ್ಧ. ಅದೂ ಅಲ್ಲದೆ, ನೀವು ಜೋರಾಗಿ ಕೂಗಿದಷ್ಟೂ ಅದೇ ಗಾಳಿಯನ್ನು ಬಳಸುವ ಇನ್ನೊಬ್ಬರ ಮನೆಯ ಲಿಂಕ್ ಕೆಡುತ್ತದೆ. ನೆರೆಯವರ ಹಕ್ಕು ಗೋಡೆಯವರೆಗೆ ಮಾತ್ರವಲ್ಲ, ಗಾಳಿಯಲ್ಲೂ ಇದೆ. ಬೇಕಾದಷ್ಟು ಬಲವನ್ನಷ್ಟೇ ಇಟ್ಟುಕೊಂಡು ಚಾನೆಲ್ ಆರಿಸುವ ಮೊದಲು ಎರಡೂ ತುದಿಯಿಂದ ಯಾರು ಯಾವ ಚಾನೆಲ್ ಬಳಸುತ್ತಿದ್ದಾರೆ ಎಂದು ನೋಡಿ. ಅರಸೀಕೆರೆಯಲ್ಲಿ ಖಾಲಿ ಕಂಡದ್ದು ಹಾರನಹಳ್ಳಿಯಲ್ಲಿ ಖಾಲಿ ಇರಬೇಕೆಂದಿಲ್ಲ.

ಕೊನೆಗೆ ಒಂದು ರೂಢಿ. ಲಿಂಕ್ ಸರಿಯಾದ ದಿನ ಬಂದ ಅಂಕಿಯನ್ನು ರೇಡಿಯೋದ ಪಕ್ಕದ ಗೋಡೆಯ ಮೇಲೆ ಬರೆದಿಡಿ. ಮಳೆಗಾಲಕ್ಕೆ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ಹೋಲಿಸಿ. ತೆಂಗು ಬೆಳೆಯುತ್ತದೆ, ಗಾಳಿಗೆ ಡಿಶ್ ಸರಿಯುತ್ತದೆ, ಪ್ಲಗ್ಗು ತುಕ್ಕು ಹಿಡಿಯುತ್ತದೆ. ಅಕ್ಕನ ಮನೆಯ ಗೋಡೆಯ ಮೇಲೆ ಈಗ ಮೈನಸ್ 66 ಎಂದು ಬರೆದಿದೆ. ಅಂಕಿ ಎಪ್ಪತ್ತು ದಾಟಿದರೆ ನನಗೆ ಫೋನ್ ಮಾಡಬೇಕೆಂದು ಅದರ ಕೆಳಗೆ ಬರೆದವಳು ಅಕ್ಕನ ಮಗಳು. ಅವಳು ಈಗ ಕಾಲೇಜಿನ ಹಾಸ್ಟೆಲಿನಲ್ಲಿದ್ದಾಳೆ. ರಾತ್ರಿ ಮನೆಯವರ ಜೊತೆ ವಿಡಿಯೊ ಕರೆಯಲ್ಲಿ ಮಾತಾಡುವುದು ಅದೇ ಲಿಂಕಿನಲ್ಲಿ.